ಅಕ್ಕನ ಮೀನಿಗೆ ನಾನು ಕೊಟ್ಟ ಔಷಧಿ

ಔಷಧಿ ಕೊಡುವುದು ನನಗೆ ಗೊತ್ತು ಎಂಬ ವಿಷಯದಲ್ಲಿ ನನಗೆ ಎಂದೂ ಅನುಮಾನ ಬಂದಿರಲಿಲ್ಲ. ಸಿರುಗುಪ್ಪದ ಆಸ್ಪತ್ರೆಯೊಂದರಲ್ಲಿ ಮೂವತ್ನಾಲ್ಕು ವರ್ಷ ನರ್ಸ್ ಆಗಿದ್ದವಳು ನಾನು. ನಮ್ಮ ತರಬೇತಿಯ ಕಾಲದಲ್ಲಿ ಸಿರಿಂಜುಗಳು ಗಾಜಿನವು. ಒಂದೊಂದನ್ನೂ ಬಿಚ್ಚಿ, ತೊಳೆದು, ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಕುದಿಸಬೇಕಿತ್ತು. ಹತ್ತೊಂಬತ್ತನೆಯ ನಿಮಿಷಕ್ಕೆ ಒಲೆ ಆರಿಸಿದವಳಿಗೆ ನಮ್ಮ ಮೇಟ್ರನ್ ಮತ್ತೆ ಮೊದಲಿನಿಂದ ಕುದಿಸಲು ಹೇಳುತ್ತಿದ್ದರು. ಆರು ಗಂಟೆಯ ಗುಳಿಗೆಯನ್ನು ಆರು ಗಂಟೆಗೇ ಕೊಡಬೇಕು. ಆರೂಕಾಲಿಗೆ ಕೊಟ್ಟರೆ ಕೊಟ್ಟ ಹಾಗಲ್ಲ. ಐದು ದಿನದ ಕೋರ್ಸನ್ನು, ಜ್ವರ ಬಿಟ್ಟಿತೆಂದು ಮೂರನೆಯ ದಿನವೇ ನಿಲ್ಲಿಸಿದ ರೋಗಿ ನಮ್ಮ ಕಣ್ಣಿಗೆ ತಪ್ಪು ಮಾಡಿದವನಂತೆಯೇ ಕಾಣುತ್ತಿದ್ದ. ಬೈದು, ಉಳಿದ ಗುಳಿಗೆಗಳನ್ನು ನಮ್ಮೆದುರೇ ನುಂಗಿಸುತ್ತಿದ್ದೆವು.

ನಿವೃತ್ತಿಯ ನಂತರ ಬಳ್ಳಾರಿಗೆ ಬಂದು ಪಾರ್ವತಿನಗರದಲ್ಲಿ ಎರಡು ಕೋಣೆಯ ಮನೆಯಲ್ಲಿದ್ದೇನೆ. ಮದುವೆಯಾಗಲಿಲ್ಲ. ಯಾಕೆಂದು ಕೇಳುವವರೂ ಈಗ ಉಳಿದಿಲ್ಲ. ಐದೂವರೆಗೆ ಏಳುವುದು, ಆರಕ್ಕೆ ಅಂಗಳ ತೊಳೆಯುವುದು, ಏಳಕ್ಕೆ ಚಹಾ. ಯಾರೂ ನೋಡದಿದ್ದರೂ ಹಾಸಿಗೆಯ ಮೂಲೆಗಳನ್ನು ವಾರ್ಡಿನ ಹಾಗೆಯೇ ಮಡಚುತ್ತೇನೆ.

ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಕುರುಗೋಡಿನ ಮನೆಯಲ್ಲಿ ಪಲ್ಯಕ್ಕೆ ಒಗ್ಗರಣೆ ಹಾಕುತ್ತಿದ್ದವಳು ಹಾಗೆಯೇ ಕುಸಿದಳಂತೆ. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೆ ಹೋದವು. ಬಾವ ತೀರಿಕೊಂಡು ಬಹಳ ವರ್ಷ ಆಗಿದೆ. ಒಬ್ಬಳೇ ಮಗಳು, ಸಿರಿಗೇರಿಯಲ್ಲಿ ಶಿಕ್ಷಕಿ. ಅವಳ ಮನೆಯಲ್ಲಿ ಹಗಲು ಹೊತ್ತು ನೋಡಿಕೊಳ್ಳುವವರಿಲ್ಲ. "ನನ್ನ ಕಡಿಗಿ ಕರ್ಕೊಂಬರ್ರಿ, ನಾನು ಎಬ್ಬಿಸಿ ಕುಂದ್ರಸ್ತೀನಿ" ಎಂದು ಹೇಳಿದವಳು ನಾನೇ. ಬಾಯಿಮಾತಿಗೆ ಹೇಳಿದ್ದಲ್ಲ. ನನ್ನ ಕೈಯಲ್ಲಿ ಆಗುತ್ತದೆ ಎಂದೇ ತಿಳಿದಿದ್ದೆ.

ವಾರಕ್ಕೆ ಮೂರು ಸಲ ಫಿಸಿಯೋಥೆರಪಿ ಮಾಡಿಸುವವನು ಬರುತ್ತಿದ್ದ. ವಯಸ್ಸಿನಲ್ಲಿ ಚಿಕ್ಕವನು, ಆದರೆ ಕೆಲಸ ಬಲ್ಲವನು. ಅವನು ಮೊದಲ ವಾರವೇ ನನ್ನನ್ನು ಬಾಗಿಲ ಹೊರಗೆ ಕರೆದು ಹೇಳಿದ್ದ: "ಸಿಸ್ಟರ್, ಕಾಲು ಹೆಂಗರ ಎಳಕೋತ ನಡೀತಾರ. ಕೈ ಮುಖ್ಯ ಐತ್ರಿ. ಹೆಬ್ಬಟ್ಟು, ತೋರಬೆರಳು ಎರಡೂ ಕೂಡಬೇಕು. ಕೂಡಿದ್ರ ತಮ್ಮ ಕೈಲೆ ತಾವ ಉಣ್ತಾರ. ಒಂದ್ ವರ್ಷದಾಗ ಕೂಡಬೇಕು. ಆಮ್ಯಾಲೆ ಕಷ್ಟ." ಮಾತಿನ ಬಗ್ಗೆ ಅವನು ಏನೂ ಹೇಳಲಿಲ್ಲ. ತಿಳಿವಳಿಕೆ ಪೂರ್ತಿ ಇದೆ, ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ ಅಷ್ಟೆ ಎಂದು ಡಾಕ್ಟರು ಮೊದಲೇ ಹೇಳಿದ್ದರು.

ನಾನು ಅಕ್ಕನಿಗೊಂದು ಚಾರ್ಟು ಬರೆದು ಗೋಡೆಗೆ ಅಂಟಿಸಿದೆ. ಆರಕ್ಕೆ ಮುಖ ತೊಳೆಯುವುದು, ಏಳಕ್ಕೆ ಗುಳಿಗೆ, ಎಂಟಕ್ಕೆ ರಬ್ಬರ್ ಚೆಂಡು ಹಿಚುಕುವುದು, ಹೀಗೆ. ಎರಡು ತಿಂಗಳು ಅಕ್ಕ ಹೇಳಿದ್ದನ್ನೆಲ್ಲ ಮಾಡಿದಳು. ಮಾಡಿ ಮುಗಿಸಿ ಗೋಡೆ ನೋಡುತ್ತಾ ಕೂರುತ್ತಿದ್ದಳು. ಬೆರಳು ಕೂಡಲಿಲ್ಲ.

ದೀಪಾವಳಿ ಮುಗಿದ ಮೇಲಿನ ಭಾನುವಾರ ಅಕ್ಕನ ಮಗಳು ಆಟೋದಲ್ಲಿ ಗಾಜಿನ ತೊಟ್ಟಿಯೊಂದನ್ನು ತಂದಿಳಿಸಿದಳು. ಅವಳು ನನ್ನನ್ನು ಸಣ್ಣಮ್ಮ ಎಂದು ಕರೆಯುತ್ತಾಳೆ.

"ಸಣ್ಣಮ್ಮ, ಇದನ್ನ ಎಲ್ಲಿ ಇಡ್ಲಿ?"

"ಏನಿದು?"

"ಮೀನಿನ ಟ್ಯಾಂಕು. ಅವ್ವ ದಿನಾ ಗೋಡಿ ನೋಡ್ಕೋತ ಕುಂತಿರ್ತಾಳ. ಗೋಡಿ ಏನ್ ಅಳ್ಳಾಡ್ತೈತೇನು? ಇದಾರ ಅಳ್ಳಾಡ್ತೈತಿ."

"ಸೊಳ್ಳಿ ಆಗ್ತಾವ."

"ಮೀನ ಇದ್ದಲ್ಲಿ ಸೊಳ್ಳಿ ಎಲ್ಲಿಂದ ಬರ್ತಾವ? ಆಸ್ಪತ್ರಿ ಬಾವ್ಯಾಗ ಸೊಳ್ಳಿ ತಿನ್ನಾಕ ಮೀನ ಬಿಟ್ಟಿದ್ವಿ ಅಂತ ನೀನ ಹೇಳ್ತಿದ್ದಿ. ಮರ್ತಿಯೇನು?"

ಮರೆತಿರಲಿಲ್ಲ. ತೊಟ್ಟಿಯನ್ನು ಅಕ್ಕನ ಕುರ್ಚಿಯ ಎದುರಿಗೇ ಇಟ್ಟೆವು. ತಳಕ್ಕೆ ಬಣ್ಣದ ಕಲ್ಲು, ಮೂಲೆಯಲ್ಲಿ ಗುಳ್ಳೆ ಬಿಡುವ ಸ್ಪಂಜಿನ ಫಿಲ್ಟರು, ಒಳಗೆ ಏಳು ಮೀನು. ಎರಡು ಕಿತ್ತಳೆ ಬಣ್ಣದ ಗೋಲ್ಡ್ ಫಿಶ್, ನಾಲ್ಕು ಕರಿಯ ಮೋಲಿ, ಗಾಜಿಗೆ ಬಾಯಿ ಹಚ್ಚಿ ಪಾಚಿ ತಿನ್ನುವುದೊಂದು. ನಾಲ್ಕು ಗಂಟೆಗೆ ಆಹಾರ ಎಂದು ಅಕ್ಕನ ಚಾರ್ಟಿನಲ್ಲಿ ಒಂದು ಸಾಲು ಸೇರಿಸಿದೆ. ಆ ಆಹಾರ ರವೆಯಷ್ಟು ಸಣ್ಣ ಕಾಳು. ಹಿಡಿ ತುಂಬ ತೆಗೆಯಲು ಬರುವುದಿಲ್ಲ, ಚಿಟಿಕೆ ಹಿಡಿಯಲೇಬೇಕು. ಅಕ್ಕನ ಎಡಗೈಯನ್ನು ನನ್ನ ಕೈಯಲ್ಲಿ ಒತ್ತಿ ಹಿಡಿದು ಡಬ್ಬಿಯನ್ನು ಬಲಗಡೆ ಇಡುತ್ತಿದ್ದೆ. ಸಿಟ್ಟು ಮಾಡುತ್ತಿದ್ದಳು. ಕಾಳು ತೊಡೆಯ ಮೇಲೆ, ನೆಲದ ಮೇಲೆ ಚೆಲ್ಲುತ್ತಿತ್ತು. ಇರುವೆ ಮುತ್ತುತ್ತಿದ್ದವು.

ಸಂಕ್ರಾಂತಿಯ ಹೊತ್ತಿಗೆ ಹೆಬ್ಬೆರಳು ಬಂದು ತೋರುಬೆರಳಿಗೆ ತಾಗಿತು. ನಾಲ್ಕೋ ಐದೋ ಕಾಳು ಸಿಕ್ಕವು. ಅಕ್ಕ ಕೈಯನ್ನು ನೀರಿನ ಮೇಲೆ ಒಯ್ದಳು. ಕಿತ್ತಳೆ ಮೀನೆರಡೂ ಬಾಯಿ ತೆರೆದು ಮೇಲೆ ಬಂದವು. ಆಗ ಅಕ್ಕ, "ಬರ್ರಿ" ಎಂದಳು.

ಐದು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ಅದು. ನಮ್ಮ ಅವ್ವ ಊಟದ ಹೊತ್ತಿಗೆ ಬಂದವರನ್ನು ಹಾಗೆಯೇ ಕರೆಯುತ್ತಿದ್ದಳು, ಯಾರೇ ಆಗಲಿ, ಬರ್ರಿ, ಬರ್ರಿ ಎಂದು ಎರಡು ಸಲ. ಮರುದಿನ ಅಕ್ಕ ಅದನ್ನೂ ಎರಡು ಸಲ ಹೇಳಿದಳು.

ಫಿಸಿಯೋದವನು ಕೇಳಿ ನಕ್ಕುಬಿಟ್ಟ. "ಏನ್ ಅಮ್ಮಾರೇ, ಮೀನಿಗೆ ಬರ್ರಿ ಅಂತೀರಿ. ನಾನು ಇಷ್ಟ್ ದಿನದಿಂದ ಬರಾಕತ್ತೀನಿ, ನನಗ ಒಂದ್ ಸಲಾನೂ ಅನ್ಲಿಲ್ಲ?" ಅಕ್ಕನೂ ನಕ್ಕಳು. ಬಾಯಿಯ ಒಂದೇ ಕಡೆ ನಕ್ಕಳು, ಆದರೂ ನಗುವೇ.

ಆ ಒಂದು ಮಾತು ಮೀನು ಮೇಲೆ ಬಂದಾಗ ಮಾತ್ರ ಬರುತ್ತಿತ್ತು. ನನಗಾಗಲಿ, ಮಗಳಿಗಾಗಲಿ ಬರಲಿಲ್ಲ. ಚಿಟಿಕೆಯೂ ಹಾಗೆಯೇ. ಊಟದ ತಟ್ಟೆಯಲ್ಲಿ ಬೆರಳು ಕೂಡುತ್ತಿರಲಿಲ್ಲ. ತೊಟ್ಟಿಯ ಮುಂದೆ ಕೂಡುತ್ತಿತ್ತು. ಮೀನಿಗೆ ಹಾಕುತ್ತಾ ಹಾಕುತ್ತಾ ಒಂದು ದಿನ ತುತ್ತಿಗೂ ಕೂಡುತ್ತದೆ, ಶ್ರಾವಣದ ತನಕ ಟೈಮ್ ಐತಿ ಎಂದು ಫಿಸಿಯೋದವನು ಹೇಳಿದ. ನಾನು ತಿಂಗಳು ಎಣಿಸತೊಡಗಿದೆ.

ಏಪ್ರಿಲ್ ಮೊದಲ ವಾರ, ಗಾಜು ಒರೆಸುತ್ತಿದ್ದಾಗ, ದೊಡ್ಡ ಗೋಲ್ಡ್ ಫಿಶ್‌ನ ಕೆನ್ನೆಯ ಮೇಲೆ ಬಿಳಿ ಚುಕ್ಕೆ ಕಂಡವು. ಉಪ್ಪಿನ ಹರಳು ಅಂಟಿದ ಹಾಗೆ, ಎರಡೂ ಕೆನ್ನೆಗೆ, ಎಂಟು ಹತ್ತು. ಗುಳ್ಳೆ ಏಳುವ ರೋಗ ಒಬ್ಬರಿಗೆ ಬಂದರೆ ವಾರ್ಡಿಗೆಲ್ಲ ಹರಡುವುದನ್ನು ಕಂಡವಳು ನಾನು. ಹನ್ನೊಂದು ಗಂಟೆಯ ಬಿಸಿಲಿನಲ್ಲೇ ಛತ್ರಿ ಹಿಡಿದು ಮೀನಿನ ಅಂಗಡಿಗೆ ಹೋದೆ.

ಅಂಗಡಿಯವರು ನನ್ನ ವಯಸ್ಸಿಗೆ ಸಮೀಪದ ಸಾಬರು. ಪಂಜರದಲ್ಲಿ ಪಕ್ಷಿ, ಸಾಲಾಗಿ ಮೀನಿನ ತೊಟ್ಟಿ, ಎರಡರ ನಡುವೆ ಒಂದು ಸ್ಟೂಲು.

"ಚುಕ್ಕಿ ಮೈತುಂಬಾ ಅದಾವೇನ್ರಿ ಅಮ್ಮಾ, ಒಂದ ಕಡಿಗಿ ಅದಾವ?"

"ಕೆನ್ನಿ ಮ್ಯಾಲೆ ಅದಾವ."

"ತಿನ್ನಾಕತ್ತೈತೇನು?"

"ತಿಂತೈತಿ."

"ಹಂಗಾದ್ರ ಎರಡ್ ದಿನ ತಡೀರಿ. ಫೋನಿನ್ಯಾಗ ಫೋಟೋ ಹೊಡ್ಕೊಂಡು ಬಂದು ತೋರ್ಸ್ರಿ."

"ಮೂವತ್ನಾಲ್ಕ ವರ್ಷ ನರ್ಸ್ ಇದ್ದೀನಪ್ಪ ನಾನು. ಚುಕ್ಕಿ ನೋಡಿದ್ರ ನನಗ ಗೊತ್ತಾಗ್ತೈತಿ. ಔಷಧ ಕೊಡ್ರಿ."

ಅವರು ನನ್ನ ಮುಖ ನೋಡಿ, ಕಪಾಟಿನಿಂದ ನೀಲಿ ಔಷಧಿಯ ಸಣ್ಣ ಬಾಟಲಿ ತೆಗೆದರು. ಕೊಡುವಾಗ ಕೂಡಲೇ ಬಾಟಲಿ ಬಿಡಲಿಲ್ಲ. "ನೀವು ಮನುಷ್ಯಾರಿಗೆ ಬಾಯಾಗ ಔಷಧ ಹಾಕ್ತೀರಿ. ಇವನ್ನ ಔಷಧದಾಗ ಮುಳುಗಿಸಿ ಇಡ್ತೀರಿ. ಅವಕ್ಕ ಉಸಿರೂ ಆ ನೀರ, ಕುಡಿಯೋದೂ ಆ ನೀರ. ಅದಕ್ಕ ಹೇಳ್ತೀನಿ, ಅರ್ಧ ಡೋಸು ಹಾಕ್ರಿ. ಮೊದಲ ಕಾಲ್ ಭಾಗ ನೀರು ಬದಲಿ ಮಾಡ್ರಿ. ಒಂದು ಔಷಧ ಇದ್ದಾಗ ಇನ್ನೊಂದು ಹಾಕಬ್ಯಾಡ್ರಿ."

ಅರ್ಧ ಡೋಸು ಎಂಬ ಮಾತು ಕಿವಿಗೆ ಬಿದ್ದಾಗಲೇ ನನ್ನ ಮನಸ್ಸು ಅವರನ್ನು ತಳ್ಳಿಹಾಕಿತ್ತು. ಅರ್ಧ ಡೋಸಿನಿಂದ ರೋಗ ಸಾಯುವುದಿಲ್ಲ, ಬಲಿಯುತ್ತದೆ. ಇದನ್ನು ನಾನೇ ಎಷ್ಟು ಜನಕ್ಕೆ ಹೇಳಿಲ್ಲ.

ತೊಟ್ಟಿಯ ತಳದಲ್ಲಿ ಅರವತ್ತು ಲೀಟರ್ ಎಂಬ ಚೀಟಿ ಇತ್ತು. ಅರವತ್ತಕ್ಕೇ ಹನಿ ಎಣಿಸಿ ಹಾಕಿದೆ. ಕಲ್ಲು ಎಷ್ಟು ಜಾಗ ಹಿಡಿದಿದೆ, ಬೇಸಿಗೆಗೆ ಆರಿ ನೀರು ಎಷ್ಟು ಇಳಿದಿದೆ ಎಂದು ನೋಡಲಿಲ್ಲ. ಒಳಗೆ ನಲವತ್ತು ಲೀಟರ್ ಇತ್ತೋ ಇಲ್ಲವೋ. ಕೂಸಿಗೆ ಔಷಧಿ ಕೊಡುವ ಮುಂಚೆ ತಕ್ಕಡಿಯಲ್ಲಿ ತೂಗದೆ ಕೊಟ್ಟವಳಲ್ಲ ನಾನು. ಇಲ್ಲಿ ತೂಗಲಿಲ್ಲ.

ನೀರು ಬದಲಿಸುವ ಮಾತು ಬೇರೆಯೇ. ನಮ್ಮ ಓಣಿಯಲ್ಲಿ ನಲ್ಲಿ ನೀರು ಎಂಟು ದಿನಕ್ಕೊಮ್ಮೆ. ಆ ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ಎಂಟು ಹನ್ನೆರಡಾಗಿತ್ತು. ಸಂಪಿನ ಮುಚ್ಚಳ ತೆಗೆದು ದಿನವೂ ಕೋಲು ಅದ್ದಿ ನೋಡುವ ಹೊತ್ತು. ಪಾತ್ರೆ ತೊಳೆದ ನೀರನ್ನು ಅಂಗಳಕ್ಕೆ ಚಿಮುಕಿಸುವ, ಬಟ್ಟೆ ಹಿಂಡಿದ ನೀರನ್ನು ಬಚ್ಚಲಿಗೆ ಬಳಸುವ ಮನೆ ನಮ್ಮದು. ಓಣಿಯ ಎಲ್ಲ ಮನೆಗಳೂ ಹಾಗೆಯೇ. ಅಂಥದರಲ್ಲಿ ಎರಡು ಬಿಂದಿಗೆ ಒಳ್ಳೆಯ ನೀರನ್ನು ಮೀನಿಗೆ ಸುರಿದು, ಅಷ್ಟನ್ನೇ ಮೋರಿಗೆ ಚೆಲ್ಲುವುದು ನನಗೆ ಸೊಕ್ಕಿನ ಕೆಲಸವಾಗಿ ಕಂಡಿತು. ಔಷಧಿ ಹಾಕಲು ನೀರು ಬೇಕಿರಲಿಲ್ಲ. ಅದೇ ಸುಲಭವಾಗಿತ್ತು, ಅದೇ ಸರಿಯೆಂದುಕೊಂಡೆ.

ತೊಟ್ಟಿಗೂ ಒಂದು ಚಾರ್ಟು ಅಂಟಿಸಿದೆ. ಬೆಳಿಗ್ಗೆ ಆರು, ಸಂಜೆ ಆರು. ಐದು ದಿನ. ನೀರು ಶಾಯಿಯ ಹಾಗೆ ನೀಲಿಯಾಯಿತು. ಅಕ್ಕನಿಗೆ ಮೀನು ಕಾಣಲಿಲ್ಲ. ಸೆರಗಿನ ತುದಿಯಿಂದ ಗಾಜು ಒರೆಸಿ ಒರೆಸಿ ನೋಡುತ್ತಿದ್ದಳು, ಕೊಳೆ ಗಾಜಿನ ಮೇಲಿದೆ ಎಂದುಕೊಂಡು.

"ಔಷಧ ಅಕ್ಕ, ಔಷಧ. ಐದ್ ದಿನ ತಡಿ" ಎಂದೆ.

ಎರಡನೆಯ ದಿನ ಫಿಲ್ಟರಿನ ಸ್ಪಂಜು ತೆಗೆದು ನೋಡಿದೆ. ಐದು ತಿಂಗಳ ಕೊಳೆ. ಹಿಂಡಿದರೆ ಕಪ್ಪು ರಾಡಿ ಇಳಿಯಿತು. ರೋಗದ ಮನೆ ಇದೇ ಎನಿಸಿತು. ಹಳೆಯ ಪಾತ್ರೆಯೊಂದರಲ್ಲಿ ಹಾಕಿ, ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷ ಕುದಿಸಿದೆ. ಸ್ಪಂಜು ಹೊಸದರ ಹಾಗೆ ಹಳದಿಯಾಗಿ ಹೊರಬಂತು. ಇಕ್ಕಳದಲ್ಲಿ ಹಿಡಿದು ತಣ್ಣಗಾಗಿಸಿ ಮತ್ತೆ ಕೂರಿಸಿದೆ. ಎಷ್ಟೋ ವರ್ಷದ ಮೇಲೆ ಮನಸ್ಸಿಗೆ ಒಪ್ಪುವಂಥ ಕೆಲಸ ಮಾಡಿದೆನೆಂದು ಸಮಾಧಾನವಾಯಿತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೆ ಆದದ್ದು ಹಾಗೆಯೇ.

ನಾಲ್ಕನೆಯ ದಿನ ಬೆಳಿಗ್ಗೆ ಮೀನುಗಳೆಲ್ಲ ಮೇಲೆ ಬಂದಿದ್ದವು. ಕಿತ್ತಳೆಯವು, ಕರಿಯವು, ಎಲ್ಲವೂ ನೀರಿನ ಅಂಚಿಗೆ ಬಾಯಿ ಹಚ್ಚಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತಿದ್ದವು. ಅಕ್ಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು. "ಬರ್ರಿ, ಬರ್ರಿ" ಎಂದಳು. ನನ್ನ ಕಡೆ ತಿರುಗಿ ಎಡಗೈಯಲ್ಲಿ ಡಬ್ಬಿ ತೋರಿಸಿದಳು. ಹೊತ್ತಲ್ಲದ ಹೊತ್ತಿಗೆ ನಾನು ಯಾರಿಗೂ ಏನೂ ಕೊಟ್ಟವಳಲ್ಲ. ಅವತ್ತು ಕೊಟ್ಟೆ. ಅವಳೇ ಕೇಳಿದ್ದು ಅದೇ ಮೊದಲು.

ಆ ದಿನ, ಅದರ ಮರುದಿನ, ಬೆಳಗಿನಿಂದ ಸಂಜೆಯವರೆಗೆ ಮೀನು ಕೆಳಗೆ ಇಳಿಯಲೇ ಇಲ್ಲ. ಅಕ್ಕ ಬರ್ರಿ ಎನ್ನುವುದನ್ನೂ ನಿಲ್ಲಿಸಲಿಲ್ಲ. ಚಿಟಿಕೆಯ ಮೇಲೆ ಚಿಟಿಕೆ ಹಾಕಿದಳು. ಬೆರಳು ಸಲೀಸಾಗಿ ಕೂಡುತ್ತಿದ್ದವು. ಫಿಸಿಯೋದವನು ಬೆರಗಾಗಿ, "ಸಿಸ್ಟರ್, ಇನ್ನೊಂದು ತಿಂಗಳು ಹಿಂಗ ನಡದ್ರ ಚಮಚ ಹಿಡಸ್ತೀನ್ರಿ" ಎಂದ. ನಾನು ಸಿರಿಗೇರಿಗೆ ಫೋನು ಹಚ್ಚಿ ಅಕ್ಕನ ಬಾಯಿಯ ಹತ್ತಿರ ಹಿಡಿದೆ. ಆ ಕಡೆ ಮಗಳು ಅಳುವುದು ಕೇಳಿಸಿತು. ಅವೆರಡು ದಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಒಳ್ಳೆಯ ದಿನಗಳು.

ಆರನೆಯ ದಿನ ಒಂದು ಮೋಲಿ ಸತ್ತು ತೇಲಿತು. ನೀರು ಮಬ್ಬಾಗಿ ವಾಸನೆ ಬರುತ್ತಿತ್ತು. ಹಾಕಿದ ಕಾಳು ತಳದಲ್ಲಿ ಊದಿ ಬಿದ್ದಿತ್ತು. ಮೊದಲ ಔಷಧಿ ಹಿಡಿಯಲಿಲ್ಲ, ಈಗ ಇದು ಬೇರೆ ಸೋಂಕು, ಇದಕ್ಕೆ ಜೋರಿನದು ಬೇಕು ಎಂದು ನಿರ್ಧರಿಸಿದೆ. ಅಂಗಡಿಗೆ ಹೋದರೆ ಅವರು ಬೇಡವೆನ್ನುತ್ತಾರೆಂದು ಗೊತ್ತಿತ್ತು. ನನ್ನ ಔಷಧಿ ಡಬ್ಬಿಯಲ್ಲಿ ಟೆಟ್ರಾಸೈಕ್ಲಿನ್ ಕ್ಯಾಪ್ಸುಲ್‌ಗಳಿದ್ದವು. ಮೀನಿಗೂ ಅದನ್ನು ಹಾಕುತ್ತಾರೆಂದು ಎಲ್ಲೋ ಕೇಳಿದ್ದೆ. ಬಿಚ್ಚಿ ಹಳದಿ ಪುಡಿ ಸುರಿದೆ. ಜೊತೆಗೆ ಒಂದು ಹಿಡಿ ಕಲ್ಲುಪ್ಪು. ಚಾರ್ಟಿನಲ್ಲಿ ಹೊಸ ಸಾಲು ಬರೆದೆ: ಐದು ದಿನ, ದಿನಕ್ಕೆ ಎರಡು ಸಲ.

ಭಾನುವಾರ ಅಕ್ಕನ ಮಗಳು ಬಂದಳು. ಅಷ್ಟರಲ್ಲಿ ನೀಲಿ ನೀರು ಕಂದು ಬಣ್ಣಕ್ಕೆ ತಿರುಗಿ, ಮೇಲೆ ಬೆರಳಷ್ಟು ನೊರೆ ನಿಂತಿತ್ತು.

"ಸಣ್ಣಮ್ಮ, ಇದೇನ್ ಮೀನಿನ ಟ್ಯಾಂಕೋ, ಚಾ ಕುದಿಯಾಕ ಇಟ್ಟಿಯೋ?"

"ಔಷಧ ನಡದೈತಿ. ಕೋರ್ಸು."

"ಎಲ್ಲಾ ಬಾಯಿ ಬಾಯಿ ಬಿಡಾಕತ್ತಾವಲ್ಲ."

"ಹಸ್ತಾವ. ನಿಮ್ಮವ್ವ ಎಷ್ಟು ಚಂದ ಹಾಕ್ತಾಳ ನೋಡು."

ಅವಳು ಬಗ್ಗಿ ಮೂಸಿದಳು, ಮುಖ ಕಿವುಚಿದಳು. "ಇದು ಹಸಿವು ಅಲ್ಲ ಅನ್ನಿಸ್ತೈತಿ ನನಗ. ನೀರಾರ ಬದಲಿ ಮಾಡೂಣು. ಎಲ್ಲಾ ಚೆಲ್ಲಿಬಿಡೂಣು."

"ಕೋರ್ಸು ಮಧ್ಯಾದಾಗ ನಿಲ್ಸಬಾರದು. ಸಾಲಿ ಮಕ್ಕಳಿಗೆ ಅರ್ಧ ಪಾಠ ಹೇಳಿ ಬಿಡ್ತೀಯೇನು? ನೀರು ಎಲ್ಲೈತಿ? ಸಂಪಿನಾಗ ಒಂದ್ ಗೇಣು ಐತಿ."

"ನಿನ್ನ ಕೂಡ ಮಾತಾಡಿ ಗೆದ್ದೋರು ಯಾರು" ಎಂದು ನಗುತ್ತಲೇ ಹೇಳಿ ಬಸ್ಸಿಗೆ ಹೊರಟಳು. ಬಾಗಿಲ ಹತ್ತಿರ ನಿಂತು, "ಅವ್ವನ ಸಲುವಾಗಿ ಹೇಳ್ದೆ. ನೋಡು" ಎಂದಳು. ಆಗ ನಗು ಇರಲಿಲ್ಲ.

ಸೋಮವಾರ ಬೆಳಿಗ್ಗೆ ಪಾಚಿ ತಿನ್ನುವ ಮೀನು ಕಲ್ಲುಗಳ ಮೇಲೆ ಮಗುಚಿ ಬಿದ್ದಿತ್ತು. ಜೊತೆಗೆ ಎರಡು ಮೋಲಿ. ಮಂಗಳವಾರ ಕೊನೆಯ ಮೋಲಿ. ಅಕ್ಕ ಕುರ್ಚಿಗೆ ಬರುವ ಮೊದಲೇ ಚಮಚದಲ್ಲಿ ತೆಗೆದು ಕರಿಬೇವಿನ ಗಿಡದ ಬುಡಕ್ಕೆ ಹೂಳಿದೆ. ಅಕ್ಕ ತೊಟ್ಟಿಯನ್ನು ನೋಡಿ ನನ್ನನ್ನು ನೋಡಿದಳು. ನಾಲ್ಕು ಕರಿಯವು ಎಲ್ಲಿ ಎಂಬಂತೆ ಎಡಗೈಯಲ್ಲಿ ನಾಲ್ಕು ಬೆರಳು ತೋರಿಸಿದಳು. "ಕಂದು ನೀರಾಗ ಕಾಣವಲ್ವು, ಅಕ್ಕ. ಒಳಗ ಅದಾವ" ಎಂದೆ. ಮಾತು ಬಾರದವಳಿಗೆ ಸುಳ್ಳು ಹೇಳುವುದು ಎಷ್ಟು ಸುಲಭ ಎಂದು ಆಗ ತಿಳಿಯಿತು. ಆರಕ್ಕೆ ಸರಿಯಾಗಿ ಕ್ಯಾಪ್ಸುಲ್ ಹಾಕಿದೆ.

ಬುಧವಾರ ಸಣ್ಣ ಗೋಲ್ಡ್ ಫಿಶ್ ಸತ್ತಿತು. ಚುಕ್ಕೆಯಿದ್ದ ದೊಡ್ಡದೊಂದೇ ಉಳಿಯಿತು, ಮೂಲೆಯಲ್ಲಿ ಓರೆಯಾಗಿ ನಿಂತು. ಕೋರ್ಸು ಇನ್ನೂ ಮುಗಿದಿರಲಿಲ್ಲ. ಅವತ್ತು ಬೆಳಗಿನ ಡೋಸು ಹಾಕಲಿಲ್ಲ. ಸತ್ತದ್ದನ್ನು ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಂಡು, ಉಳಿದದ್ದರ ಫೋಟೋ ಫೋನಿನಲ್ಲಿ ತೆಗೆದುಕೊಂಡು ಅಂಗಡಿಗೆ ಹೋದೆ.

ಅಂಗಡಿಯವರು ಡಬ್ಬಿ ತೆರೆದು ನೋಡಿ, ಮೀನಿನ ಕಿವಿರು ಎತ್ತಿದರು. ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಮೊದಲು ಅವರಿಗೆ ನಗು ಬಂತು.

"ಅರೆ ಅಮ್ಮಾ! ಇದು ಗಂಡು ಮೀನ ಐತ್ರಿ. ಬ್ಯಾಸಗಿ ಶುರು ಆಯ್ತಂದ್ರ ಗಂಡಿಗೆ ಕೆನ್ನಿ ಮ್ಯಾಲೆ ಚುಕ್ಕಿ ಬರ್ತಾವ. ಮದುವಿ ವಯಸ್ಸಿನ ಹುಡುಗ್ರಿಗೆ ಮೊಡವಿ ಬರೂದಿಲ್ಲೇನು, ಹಂಗ. ಇದಕ್ಕ ಏನ್ ರೋಗ..." ಎನ್ನುತ್ತಿದ್ದವರು ನನ್ನ ಮುಖ ನೋಡಿ ನಿಲ್ಲಿಸಿದರು. "ಎಷ್ಟು ಹೋದ್ವು?"

"ಆರು."

"ಏನೇನ್ ಹಾಕಿದ್ರಿ?"

ವಾರ್ಡಿನ ರೌಂಡ್ಸಿನಲ್ಲಿ ಡಾಕ್ಟರಿಗೆ ಒಪ್ಪಿಸುವ ಹಾಗೆ ಎಲ್ಲ ಒಪ್ಪಿಸಿದೆ. ನೀಲಿ ಔಷಧಿ ಪೂರ್ತಿ ಡೋಸು, ಐದು ದಿನ. ಕ್ಯಾಪ್ಸುಲ್, ಉಪ್ಪು. ನೀರು ಬದಲಿಸಲಿಲ್ಲ. ಸ್ಪಂಜು ಕುದಿಸಿದೆ.

"ಕುದಿಸಿದ್ರಿ?"

"ಇಪ್ಪತ್ತು ನಿಮಿಷ."

ಅವರು ಸ್ಟೂಲಿನ ಮೇಲೆ ಕುಳಿತರು. ನನಗೂ ಒಂದು ಕುರ್ಚಿ ಎಳೆದರು. "ಆ ಸ್ಪಂಜಿನಾಗ ಜೀವ ಇರ್ತಾವ ಅಮ್ಮಾ. ಕಣ್ಣಿಗೆ ಕಾಣಂಗಿಲ್ಲ. ಮೀನಿನ ಹೊಲಸು ತಿಂದು ನೀರು ಚೊಕ್ಕ ಇಡೋವು ಅವ. ಅವು ಬೆಳಿಯಾಕ ತಿಂಗಳುಗಟ್ಲೆ ಬೇಕು. ಸ್ಪಂಜಿನಾಗಿನವನ್ನ ಕುದಿಸಿದ್ರಿ, ಕಲ್ಲಿನಾಗ ಉಳಿದವಕ್ಕ ಕ್ಯಾಪ್ಸುಲ್ ಹಾಕಿದ್ರಿ. ಆಮ್ಯಾಲೆ ಮೀನು ತಮ್ಮ ಉಚ್ಚಿಯಾಗ ತಾವ ಸುಟ್ಟುಹೋದ್ವು. ಕಿವಿರು ನೋಡ್ರಿ, ಹೆಂಗ್ ಕೆಂಪಾಗೈತಿ."

"ಮ್ಯಾಲೆ ಬಂದು ಬಾಯಿ ತೆಗೀತಿದ್ವು. ಹಸಿವಿಗೆ ಅಂತ..."

"ಉಸಿರಿಗ್ರೀ ಅಮ್ಮಾ. ಹಸಿವಿಗಲ್ಲ."

ಅಕ್ಕ ಎರಡು ದಿನ ಬರ್ರಿ ಬರ್ರಿ ಎಂದು ಕರೆದದ್ದು ಉಸಿರು ಸಿಗದೆ ಒದ್ದಾಡುತ್ತಿದ್ದ ಮೀನುಗಳನ್ನು. ನಾನು ಫೋನು ಹಿಡಿದು ಮಗಳಿಗೆ ಕೇಳಿಸಿದ್ದೂ ಅದನ್ನೇ. ಎಷ್ಟೋ ರೋಗಿಗಳು ಕೊನೆಯುಸಿರಿಗೆ ಬಾಯಿ ತೆರೆದದ್ದನ್ನು ಹಾಸಿಗೆಯ ಪಕ್ಕ ನಿಂತು ನೋಡಿದವಳು ನಾನು. ಆ ಬಾಯಿಯ ಗುರುತು ನನಗೆ ಸಿಗಬೇಕಿತ್ತು.

"ಒಂದು ಉಳದೈತಲ್ಲ, ಅದನ್ನ ಬಕೆಟ್ ನೀರಾಗ ಬಿಡ್ರಿ. ಬರೇ ನೀರು. ಏನೂ ಹಾಕಬ್ಯಾಡ್ರಿ, ಕೈ ಮುಗೀತೀನಿ" ಎಂದರು.

ಮನೆಗೆ ಬಂದರೆ ಸಂಪಿನಲ್ಲಿ ಕೆಸರು ಕಾಣುತ್ತಿತ್ತು. ಪಕ್ಕದ ಮನೆಯಾಕೆ, ರೂಪನಗುಡಿ ಕಡೆಯವರು, ಮನೆಮಾತು ತೆಲುಗು. ವಿಷಯ ಕೇಳಿ ಎರಡು ಬಿಂದಿಗೆ ತಂದು ಸುರಿದರು. "ತೊಗೊಳ್ಳಕ್ಕಾ, ನೀಳ್ಳು ರೇಪು ವಸ್ತಾಯಂಟ." ನಾಳೆ ನೀರು ಬರುತ್ತದಂತೆ. ಹನ್ನೆರಡು ದಿನ ಕಾದ ನೀರು ನಾಳೆ.

ಮೀನನ್ನು ಬಕೆಟ್ಟಿಗೆ ಬಿಟ್ಟೆ. ಆಮೇಲೆ ಅಕ್ಕನ ಎದುರು ಕೂತೆ. "ಅಕ್ಕ, ಮೀನಿಗೆ ಏನೂ ರೋಗ ಇರಲಿಲ್ಲ. ನಾನ ಕೊಂದೆ. ನಿನಗ ಸುಳ್ಳೂ ಹೇಳ್ದೆ" ಎಂದೆ. ಅಕ್ಕ ನನ್ನ ಮುಖ ನೋಡಿದಳು. ಎಲ್ಲ ಅರ್ಥವಾಗುತ್ತದೆ ಎಂದು ಡಾಕ್ಟರು ಹೇಳಿದ್ದರಲ್ಲ. ಬೈಯಲು ಅವಳ ಹತ್ತಿರ ಒಂದು ಮಾತೂ ಇರಲಿಲ್ಲ.

ನಾಲ್ಕು ಗಂಟೆಗೆ ಅವಳೇ ಡಬ್ಬಿಗೆ ಕೈ ಚಾಚಿದಳು. ಏನೂ ಹಾಕಬೇಡಿ ಎಂದಿದ್ದರು; ನಾನು ಬೇಡವೆನ್ನಲಿಲ್ಲ. ಬಲಗೈಯಲ್ಲಿ ಚಿಟಿಕೆ ಹಿಡಿದು ಬಕೆಟ್ಟಿನ ಮೇಲೆ ಬಾಗಿದಳು. ಮೀನು ತಳದಲ್ಲಿ ಒಂದು ಮಗ್ಗುಲಾಗಿತ್ತು. "ಬರ್ರಿ" ಎಂದಳು. ಕಾದಳು. ಮತ್ತೆ "ಬರ್ರಿ" ಎಂದಳು. ಮೀನಿನ ರೆಕ್ಕೆ ಒಂದು ಸಲ ಆಡಿತು, ಮೇಲೆ ಬರಲಿಲ್ಲ. ಅವಳ ಮೊಣಕೈ ನಡುಗತೊಡಗಿತು. ನಾನು ಕೆಳಗಿನಿಂದ ಕೈ ಕೊಟ್ಟೆ. ಕಾಳು ಬಿಡಲಿಲ್ಲ. ಹಾಗೆಯೇ ಹಿಡಿದುಕೊಂಡಿದ್ದು, ಕೊನೆಗೆ ಬೆರಳು ತಾನಾಗಿಯೇ ಸಡಿಲವಾಗಿ ಕಾಳು ನೀರಿಗೆ ಬಿದ್ದು ತೇಲಿದವು. ಕತ್ತಲಾಗುವ ಮುಂಚೆ ಮೀನು ಸತ್ತಿತು.

ಬೆಳಿಗ್ಗೆ ನಲ್ಲಿ ನೀರು ಬಂತು. ಸಂಪು ತುಂಬಿತು.

ಅಂಗಡಿಯವರು ಹೇಳಿದ ಹಾಗೆ ತೊಟ್ಟಿ ತೊಳೆದು, ಬೇರೆ ಸ್ಪಂಜು ಹಾಕಿ, ಅವರ ತೊಟ್ಟಿಯ ಹಳೆಯ ಸ್ಪಂಜಿನ ರಾಡಿಯನ್ನೇ ಅದರ ಮೇಲೆ ಹಿಂಡಿ, ಒಂದು ತಿಂಗಳು ಬರಿಯ ನೀರು ಓಡಿಸಿದೆ. ಆ ಒಂದು ತಿಂಗಳು ಅಕ್ಕ ಖಾಲಿ ತೊಟ್ಟಿಯ ಕಡೆ ನೋಡಲಿಲ್ಲ. ಫಿಸಿಯೋದವನು ಚೆಂಡು ಕೊಟ್ಟ, ಬಟಾಣಿ ಕಾಳು ಕೊಟ್ಟ, ಚಮಚ ಕೊಟ್ಟ. ಹೆಬ್ಬೆರಳು ಅರ್ಧದಾರಿಗೆ ಬಂದು ನಿಲ್ಲುತ್ತಿತ್ತು. ಆಮೇಲೆ ಎರಡು ಗೋಲ್ಡ್ ಫಿಶ್ ತಂದು ಬಿಟ್ಟೆವು. ನಾಲ್ಕು ಗಂಟೆಗೆ ಡಬ್ಬಿಯನ್ನು ಅವಳ ಬಲಗಡೆ ಇಟ್ಟೆ. ಮೀನು ಮೇಲೆ ಬಂದು ಬಾಯಿ ತೆರೆದವು. ಅಕ್ಕ ನೋಡಿದಳು. ನೋಡಿ, ಎಡಗೈಯಿಂದ ಡಬ್ಬಿಯನ್ನು ನನ್ನ ಕಡೆ ಸರಿಸಿ, ಗೋಡೆಯ ಕಡೆ ಮುಖ ತಿರುಗಿಸಿದಳು. ಮರುದಿನವೂ ಹಾಗೆಯೇ. ಅಕ್ಕನ ಮಗಳು ಬಂದು ಇದನ್ನು ನೋಡಿದಳು. ಅವ್ವನ ತಲೆ ಬಾಚಿ ಹೋದಳು.

ಶ್ರಾವಣ ಬಂದು ಹೋಯಿತು. ಇನ್ನು ಬಂದು ಪ್ರಯೋಜನವಿಲ್ಲ ಎಂದು ಫಿಸಿಯೋದವನು ತಾನಾಗಿಯೇ ಹೇಳಿದ. ಅವನು ಪ್ರಾಮಾಣಿಕ. ಈಗ ಮೂರು ಹೊತ್ತೂ ಅಕ್ಕನಿಗೆ ನಾನೇ ಉಣಿಸುತ್ತೇನೆ, ಎಂಟಕ್ಕೆ, ಒಂದಕ್ಕೆ, ಎಂಟಕ್ಕೆ. ಬಾಯಿ ತೆರೆಯುತ್ತಾಳೆ, ನುಂಗುತ್ತಾಳೆ. ಆ ಒಂದು ಮಾತು ಮತ್ತೆ ಬಂದಿಲ್ಲ.

ನಾಲ್ಕಕ್ಕೆ ಮೀನಿಗೂ ನಾನೇ ಹಾಕುತ್ತೇನೆ. ನೀರು ಬಂದ ದಿನ ಮೊದಲು ತೊಟ್ಟಿಯ ನೀರು ಬದಲಿಸಿ, ಆಮೇಲೆ ನಮ್ಮ ಬಿಂದಿಗೆ ತುಂಬುತ್ತೇನೆ. ಮನೆಯಲ್ಲಿ ಮೀನಿನ ಔಷಧಿ ಯಾವುದೂ ಇಲ್ಲ. ಕಾಳು ಹಾಕಿದಾಗ ಎರಡೂ ಮೇಲೆ ಬಂದು ಬಾಯಿ ತೆರೆಯುತ್ತವೆ. ಅದು ಹಸಿವೋ, ಉಸಿರೋ, ನೋಡಿದ ಕೂಡಲೇ ನನಗೆ ಈಗಲೂ ತಿಳಿಯುವುದಿಲ್ಲ. ತಿಂದು ಕೆಳಗೆ ಇಳಿಯುವ ತನಕ ಗಡಿಯಾರ ನೋಡುತ್ತಾ ಅಲ್ಲಿಯೇ ನಿಂತಿರುತ್ತೇನೆ. ಹಿಂದೆ ಕುರ್ಚಿಯಲ್ಲಿ ಅಕ್ಕ ಗೋಡೆ ನೋಡುತ್ತಿರುತ್ತಾಳೆ.